ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ನಮ್ಮ ಹೊಣೆ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಸಾರ)



ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ದಿನ ಇದ್ದರು. ಬಾಗಿಲ ಹೊರಗೆ ನಾವು ಸಹೋದರರು ಸರದಿಯಂತೆ ಕಾದೆವು. ಚೀಟಿ ಕೊಟ್ಟಾಗ ಔಷಧಿಯಂಗಡಿಗೆ ಓಡಿದೆವು. ಕಾಗದ ಚಾಚಿದಾಗ ಓದದೆ ಸಹಿ ಹಾಕಿದೆವು. ಏಳನೆಯ ದಿನ ತಾಯಿಯ ಬಳೆಗಳು ಮಾರಾಟವಾದವು. ಹನ್ನೊಂದನೆಯ ದಿನ ತಂದೆ ತೀರಿಕೊಂಡರು. ಆಮೇಲೆ ತಾಯಿ ಕೇಳಿದ ಒಂದೇ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: "ಅಷ್ಟು ದಿನ ಒಳಗೆ ಅವರಿಗೆ ಏನು ಮಾಡುತ್ತಿದ್ದರು?" ನಾನು ವೈದ್ಯರನ್ನು ದೂರುತ್ತಿಲ್ಲ. ನಾವೇ ಕೇಳಿರಲಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಕೇಳದಿರುವಿಕೆಯ ಕುರಿತು.

ತೀವ್ರ ನಿಗಾ ಘಟಕ ಎಂದರೇನು? ಅದರ ಹುಟ್ಟನ್ನು ತಿಳಿದರೆ ಅದರ ಉದ್ದೇಶವೂ ತಿಳಿಯುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಸಾಂಕ್ರಾಮಿಕವಾಗಿ ಹರಡಿತು. ಉಸಿರಾಟ ಕುಸಿದ ಮೊದಲ 31 ರೋಗಿಗಳಲ್ಲಿ 27 ಮಂದಿ ಮೃತಪಟ್ಟರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಯ ಗಂಟಲಿನಲ್ಲಿ ರಂಧ್ರ ಮಾಡಿ, ನಳಿಕೆ ತೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿ ನೀಡುವ ವಿಧಾನವನ್ನು ಅಲ್ಲಿ ಜಾರಿಗೆ ತಂದರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಹಗಲಿರುಳು ರೋಗಿಗಳ ಪಕ್ಕ ಕುಳಿತು ಆ ಚೀಲಗಳನ್ನು ಒತ್ತಿದರು. ಮರಣದ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮರುವರ್ಷ ಇಬ್ಸೆನ್ ಅದೇ ನಗರದಲ್ಲಿ ಇಂತಹ ರೋಗಿಗಳಿಗಾಗಿಯೇ ಪ್ರತ್ಯೇಕ ಘಟಕ ಆರಂಭಿಸಿದರು.

ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಆ ಚೀಲ ಪೋಲಿಯೋವನ್ನು ಗುಣಪಡಿಸಲಿಲ್ಲ. ದೇಹ ಚೇತರಿಸಿಕೊಳ್ಳುವವರೆಗೆ ಕಾಲಾವಕಾಶ ಒದಗಿಸಿತು. ಇಂದಿನ ವೆಂಟಿಲೇಟರ್ ಮಾಡುವುದೂ ಅದನ್ನೇ. ನ್ಯುಮೋನಿಯಾ, ವಿಷಪ್ರಾಶನ, ಅಪಘಾತ, ರಕ್ತದ ಸೋಂಕು, ಇಂತಹ ಸಂದರ್ಭಗಳಲ್ಲಿ ಆ ಕಾಲಾವಕಾಶವೇ ಜೀವದಾನವಾಗುತ್ತದೆ. ಆದರೆ ಹಿಂತಿರುಗಲಾರದ ಹಂತ ತಲುಪಿದ ರೋಗಿಯಲ್ಲಿ ಅದು ಮರಣವನ್ನು ದೀರ್ಘಗೊಳಿಸುವುದಷ್ಟೇ ಆಗಬಹುದು. ಎರಡನೆಯ ಪಾಠವೇನೆಂದರೆ, ಜೀವ ಉಳಿಸಿದ್ದು ಯಂತ್ರವಲ್ಲ, ಎಚ್ಚರವಿದ್ದ ಕೈಗಳು.

ನಮ್ಮ ಸರಕಾರಗಳು ಈ ಎರಡನೆಯ ಪಾಠವನ್ನು ಇನ್ನೂ ಕಲಿತಿಲ್ಲ. ಕೊರೋನಾ ಕಾಲದಲ್ಲಿ ಸಾವಿರಾರು ವೆಂಟಿಲೇಟರ್‌ಗಳು ಆಸ್ಪತ್ರೆಗಳಿಗೆ ಬಂದವು. ಅವು ಬಳಕೆಯಾಗದೆ ಬಿದ್ದಿವೆಯೆಂಬ ವರದಿಗಳು ಬಂದಾಗ 2021ರ ಮೇ ತಿಂಗಳಲ್ಲಿ ಸ್ವತಃ ಪ್ರಧಾನಿಯೇ ಲೆಕ್ಕಪರಿಶೋಧನೆಗೆ ಆದೇಶಿಸಬೇಕಾಯಿತು. ಅದೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದ ಅಂತರದಲ್ಲಿ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯನ್ನು ಹೈಕೋರ್ಟ್ ನೇಮಿಸಿದ ಸಮಿತಿಯೂ ದೃಢಪಡಿಸಿತು. ತರಬೇತಾದ ವೈದ್ಯರು, ದಾದಿಯರು ಮತ್ತು ನಿರಂತರ ಆಮ್ಲಜನಕವಿರುವ ಘಟಕವನ್ನು ಪ್ರತಿ ಜಿಲ್ಲೆಯಲ್ಲೂ ಕೇಳುವುದು ಭಿಕ್ಷೆಯಲ್ಲ, ಪ್ರಜೆಗಳ ಹಕ್ಕು.

ಇನ್ನು ನಮ್ಮ ಹೊಣೆ. ರೋಗಿಯನ್ನು ಒಳಗೆ ಸೇರಿಸುವಾಗಲೇ ಕುಟುಂಬದ ಪರವಾಗಿ ಮಾತನಾಡಲು ಒಬ್ಬರನ್ನು ಗೊತ್ತುಮಾಡಿರಿ. ಅವರು ಪ್ರತಿದಿನ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಲಿ. ಯಾವ ಅಂಗ ಕೆಟ್ಟಿದೆ, ಅದಕ್ಕೆ ಯಾವ ಆಧಾರ ನೀಡಲಾಗಿದೆ? ಮೂಲ ಕಾಯಿಲೆಗೆ ಚಿಕಿತ್ಸೆ ಇದೆಯೇ? ನಿನ್ನೆಗಿಂತ ಇಂದು ಸುಧಾರಣೆ ಇದೆಯೇ? ಉತ್ತರಗಳನ್ನು ಬರೆದಿಡಲಿ, ಮನೆಯ ಮಹಿಳೆಯರಿಗೂ ತಿಳಿಸಲಿ. ಪತ್ನಿಯ ಒಡವೆ ಮಾರುವಾಗ ಒಪ್ಪಿಗೆ ಕೇಳುವ ನಾವು ಪತಿಯ ಸ್ಥಿತಿಯನ್ನು ಆಕೆಯಿಂದ ಮರೆಮಾಚುವುದು ಯಾವ ನ್ಯಾಯ?

ಹಣದ ವಿಷಯದಲ್ಲೂ ನಮ್ಮ ಅಜ್ಞಾನ ದುಬಾರಿಯಾಗಿದೆ. ತುರ್ತು ಸ್ಥಿತಿಯಲ್ಲಿರುವವರಿಗೆ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಮ್ ಕೋರ್ಟ್ 1989ರಲ್ಲಿಯೇ ಹೇಳಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಬಿಲ್ ಬಾಕಿಯಿದೆಯೆಂದು ಖಾಸಗಿ ಆಸ್ಪತ್ರೆ ಮೃತದೇಹವನ್ನು ತಡೆಹಿಡಿಯುವಂತಿಲ್ಲ ಎಂಬುದು 2017ರಲ್ಲಿ ತಿದ್ದುಪಡಿಯಾದ ಕರ್ನಾಟಕದ ಕಾಯಿದೆಯಲ್ಲಿದೆ. ಇವನ್ನು ತಿಳಿದ ನಾಲ್ವರು ಯುವಕರು ಪ್ರತಿ ಜಮಾಅತ್‌ನಲ್ಲಿ ಇರಬಾರದೇ? ಮದುವೆಯ ಊಟಕ್ಕೆ ಲಕ್ಷಗಳನ್ನು ಸುರಿಯುವ ಸಮುದಾಯ ಆಸ್ಪತ್ರೆಯ ಬಾಗಿಲಲ್ಲಿ ಸಾಲಕ್ಕೆ ಕೈಚಾಚಿ ನಿಲ್ಲುವುದೇಕೆ?

ಕೊನೆಯದು ಕಠಿಣ ವಿಷಯ. ಗುಣವಾಗುವ ಆಸೆ ಇಲ್ಲವೆಂದು ವೈದ್ಯರು ಹೇಳಿದಾಗ ಯಂತ್ರ ತೆಗೆಯಲು ಒಪ್ಪುವುದು ಕೊಲೆಯಾಗುವುದೇ? ಈ ಭಯ ಅನೇಕರನ್ನು ಕಾಡುತ್ತದೆ. ಮಿದುಳಿನ ಎಲ್ಲ ಕಾರ್ಯಗಳೂ ಸಂಪೂರ್ಣವಾಗಿ ನಿಂತು, ಅವು ಮರಳಲಾರವೆಂದು ತಜ್ಞರು ದೃಢಪಡಿಸಿದರೆ ಯಂತ್ರ ತೆಗೆಯಬಹುದೆಂದು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ನಿರ್ಣಯಿಸಿದೆ. ಬೇರೆ ಸ್ಥಿತಿಗಳ ಬಗ್ಗೆ ವೈದ್ಯರನ್ನೂ ಬಲ್ಲ ಉಲಮಾಗಳನ್ನೂ ಜೊತೆಗೂಡಿಸಿ ಕೇಳಬೇಕು. ದೇಶದ ಕಾನೂನಿನಲ್ಲಿ ಸುಪ್ರೀಮ್ ಕೋರ್ಟ್ 2018ರಲ್ಲಿ ಘನತೆಯ ಮರಣವನ್ನು ಹಕ್ಕೆಂದು ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ಒಬ್ಬ ವೈದ್ಯರ ಮಾತಿನ ಮೇಲೆ ಏನೂ ನಡೆಯದು. ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಬೇಕು, ಕುಟುಂಬದ ಒಪ್ಪಿಗೆ ಬೇಕು. ಮುಂದೆ ತನಗೆ ಎಂತಹ ಚಿಕಿತ್ಸೆ ಬೇಕು, ಬೇಡ ಎಂಬುದನ್ನು ಆರೋಗ್ಯವಾಗಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಡಲೂ ಅವಕಾಶವಿದೆ. ಯಂತ್ರ ನಿಂತರೆ ಆರೈಕೆ ನಿಲ್ಲುವುದಿಲ್ಲ. ನೋವು ಶಮನಗೊಳಿಸಬೇಕು, ಬಾಯಿ ಒದ್ದೆ ಮಾಡಬೇಕು, ಮಕ್ಕಳು ಹತ್ತಿರವಿರಬೇಕು, ಕಿವಿಯಲ್ಲಿ ಕಲಿಮಾ ಹೇಳಬೇಕು.

ಸಹೋದರ ಸಹೋದರಿಯರೇ, ಬದುಕುವ ಸಾಧ್ಯತೆ ಇರುವವರೆಗೆ ಹೋರಾಡಿರಿ; ಹಣದ ಕೊರತೆಯಿಂದ ಯಾರ ಉಸಿರೂ ನಿಲ್ಲದಂತೆ ಜಮಾಅತ್ ನೋಡಿಕೊಳ್ಳಲಿ. ಆದರೆ ಖರ್ಚಿನ ಮೊತ್ತವನ್ನು ಪ್ರೀತಿಯ ಅಳತೆಗೋಲಾಗಿಸಬೇಡಿರಿ. "ಜನ ಏನೆಂದಾರು" ಎಂಬ ಅಂಜಿಕೆಯಿಂದ ಯಾವ ಹಿರಿಯರನ್ನೂ ನಳಿಕೆಗಳ ನಡುವೆ ಒಂಟಿಯಾಗಿ ಬಿಡಬೇಡಿರಿ. ಇಂದು ರಾತ್ರಿ ಊಟದ ಬಳಿಕ ತಂದೆತಾಯಿಯರ ಪಕ್ಕ ಕುಳಿತು ಅವರ ಇಚ್ಛೆ ಏನೆಂದು ಕೇಳಿರಿ. ನಾನು ಕೇಳಲಿಲ್ಲ. ನೀವು ಕೇಳಿರಿ.

ಅಲ್ಲಾಹನು ರೋಗಿಗಳಿಗೆಲ್ಲ ಶಮನವನ್ನೂ, ಅವರ ಸೇವೆ ಮಾಡುವವರಿಗೆ ಸಹನೆಯನ್ನೂ ಕರುಣಿಸಲಿ. ಆಮೀನ್.