ನಗರ ಯೋಜನೆಯಲ್ಲಿ ಸಂಶೋಧನೆಗೂ ಜಾಗವಿರಲಿ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹುಡುಗರು ಬಿ.ಇ. ಮುಗಿಸಿದ ಮರುದಿನವೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬೆಂಗಳೂರು ತಾನಾಗಿ ಹಾಗೆ ಬೆಳೆಯಲಿಲ್ಲ. ಮೈಸೂರು ಅರಸರು ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1940ರಲ್ಲಿ, ವಿಮಾನ ಕಾರ್ಖಾನೆ ಬಂತು. ಎರಡೇ ವರ್ಷಕ್ಕೆ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆಯಿತು. ಕಾರ್ಖಾನೆಯ ತೊಡಕು ಪಕ್ಕದ ಪ್ರಯೋಗಾಲಯಕ್ಕೆ ಪಾಠವಾಯಿತು. ಅಬ್ದುಲ್ ಕಲಾಂ ಅವರು ತರಬೇತಿ ಪಡೆದದ್ದೂ ಅದೇ ಕಾರ್ಖಾನೆಯಲ್ಲಿ.

ಕೊಪ್ಪಳದಲ್ಲಿ ಏನೂ ಇಲ್ಲವೆಂದಲ್ಲ. ತುಂಗಭದ್ರಾ ಕಾಲುವೆ ಗಂಗಾವತಿಗೆ ಭತ್ತ ತಂದಿತು, ರೈಸ್ ಮಿಲ್ಲು ತಂದಿತು, ಜೊತೆಗೆ ಸವಳು-ಜವಳನ್ನೂ ತಂದಿತು. ಅದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ಮೇಲೆ, ಸವಳು ಭೂಮಿಯ ಮೇಲೆ ಕೆಲಸ ನಡೆಯುತ್ತದೆ. ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುವ ನಮ್ಮ ಹುಡುಗರಲ್ಲಿ ಎಷ್ಟು ಜನ ಅದರ ಗೇಟು ದಾಟಿದ್ದಾರೆ? ಕುಷ್ಟಗಿ, ಯಲಬುರ್ಗಾದ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ತಿಂದು ಹಾಕಿತು. ರೋಗದ ಎಲೆಯನ್ನು ಹಿಡಿದು ರೈತ ಔಷಧಿ ಅಂಗಡಿಗೇ ಓಡಿದ. ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಗೊಂಬೆ ಮಾಡುತ್ತಾರೆ, ಭಾನಾಪುರದಲ್ಲಿ 2021ರಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಎರಡೂ ಒಂದೇ ಜಿಲ್ಲೆ. ಆದರೆ ಇವರೆಲ್ಲ ಕೂಡಿ ಕೂರುವ ಒಂದು ಜಾಗ ಎಲ್ಲಿದೆ?

ನಗರ ಯೋಜನೆಯ ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ. ಕರಡು ನಕ್ಷೆ ಪ್ರಕಟವಾದಾಗ ಜನರ ಸಲಹೆ ಕೇಳಬೇಕೆಂದು 1961ರ ನಗರ ಯೋಜನಾ ಕಾಯ್ದೆಯೇ ಹೇಳುತ್ತದೆ. ನಾವು ಹೋಗಿ ನೋಡುವುದು ಒಂದನ್ನೇ: ರಸ್ತೆ ಅಗಲವಾದರೆ ನಮ್ಮ ಮನೆ ಹೋಗುತ್ತದೆಯೇ! (ನಾನೂ ಅದನ್ನೇ ನೋಡಿದವನು.)

ಹುಡುಗರೇನೋ ಬೆಂಗಳೂರಿಗೆ ಹೋದಾರು. ಬಿ.ಎಸ್ಸಿ. ಪ್ರಥಮ ದರ್ಜೆಯಲ್ಲಿ ಪಾಸಾದ ಹೆಣ್ಣುಮಗಳನ್ನು ಎಷ್ಟು ತಂದೆಯರು ಕಳಿಸುತ್ತಾರೆ? ಮನೆಯಿಂದ ಹೋಗಿ ಸಂಜೆ ಮರಳುವ ದೂರದಲ್ಲಿ ಮಣ್ಣು, ಅಕ್ಕಿ, ಹಣ್ಣು ಪರೀಕ್ಷಿಸುವ ಪ್ರಯೋಗಾಲಯವಿದ್ದರೆ ಅವಳ ಓದು ಅಡಿಗೆಮನೆಯಲ್ಲಿ ನಿಲ್ಲುವುದಿಲ್ಲ. ಗಂಗಾವತಿಗೆ 2019ರಲ್ಲಿ, ಕುಷ್ಟಗಿಗೆ 2025ರಲ್ಲಿ ರೈಲು ಬಂದಿದೆ. ನಿಲ್ದಾಣದ ಹತ್ತಿರದ ಜಾಗವೆಲ್ಲ ಲೇಔಟ್ ಆಗುವ ಮೊದಲು ಸ್ವಲ್ಪವನ್ನಾದರೂ ಪ್ರಯೋಗಾಲಯಕ್ಕೆ, ಸಣ್ಣ ವರ್ಕ್‌ಶಾಪುಗಳಿಗೆ, ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೀಸಲಿಡಿರೆಂದು ನಾವು ಕೇಳಬೇಕು.

ಮುಂದಿನ ಕರಡು ನಕ್ಷೆ ಹೊರಬಿದ್ದಾಗ ನಮ್ಮ ಸಂಸ್ಥೆಯಿಂದ ಲಿಖಿತ ಸಲಹೆ ಹೋಗಲಿ. ಅರ್ಜಿ ಬರೆಯಲು ನಾನು ಕೂರುತ್ತೇನೆ. ಮಿಲ್ಲಿನವರು, ರೈತರು, ಬಿ.ಎಸ್ಸಿ. ಮುಗಿಸಿದ ಹೆಣ್ಣುಮಕ್ಕಳು ಬಂದು ತಮಗೇನು ಬೇಕೆಂದು ಹೇಳಿ.