ಕಪ್ಪುಕುಳಿಗೆ ಬಡಿದರೆ ಏನಾಗುತ್ತದೆ?

ಕಪ್ಪುಕುಳಿಯ ಹೆಸರು ಕೇಳಿದ ಕೂಡಲೇ ಮಕ್ಕಳ ಬಾಯಿಂದ ಬರುವ ಮೊದಲ ಪ್ರಶ್ನೆ: ಅದು ನಮ್ಮ ಭೂಮಿಯನ್ನು ನುಂಗಿಬಿಡುತ್ತದಾ? ಈ ಹೆದರಿಕೆಯನ್ನು ಮೊದಲು ಕಳೆದುಕೊಳ್ಳೋಣ. ಇಲ್ಲ, ನುಂಗುವುದಿಲ್ಲ. ಇದುವರೆಗೆ ಪತ್ತೆಯಾಗಿರುವ ಕಪ್ಪುಕುಳಿಗಳಲ್ಲಿ ತೀರಾ ಹತ್ತಿರದ್ದೇ ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಂದ ಇಲ್ಲಿಗೆ ಬರಲು ಬೆಳಕಿಗೇ ಅಷ್ಟು ವರ್ಷ ಬೇಕು.

ಇನ್ನೂ ಒಂದು ಮಾತು. ನಾಳೆ ಬೆಳಿಗ್ಗೆ ಸೂರ್ಯನ ಜಾಗದಲ್ಲಿ ಸೂರ್ಯನಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯೊಂದು ಬಂದು ಕೂತಿತು ಅಂದುಕೊಳ್ಳಿ. ಆಗಲೂ ಭೂಮಿ ಅದರೊಳಗೆ ಬೀಳುವುದಿಲ್ಲ. ಈಗಿನ ದಾರಿಯಲ್ಲೇ, ಈಗಿನ ವೇಗದಲ್ಲೇ, ವರ್ಷಕ್ಕೊಂದು ಸುತ್ತು ಹಾಕುತ್ತಲೇ ಇರುತ್ತದೆ. ಬಿಸಿಲಿಲ್ಲದೆ ಎಲ್ಲವೂ ಹೆಪ್ಪುಗಟ್ಟುತ್ತದೆ ನಿಜ, ಆದರೆ ಎಳೆದುಕೊಂಡು ಹೋಗುವ ಯಾವ ಹೊಸ ಶಕ್ತಿಯೂ ಹುಟ್ಟುವುದಿಲ್ಲ. ಎದುರಿಗಿರುವ ವಸ್ತುವಿನ ದ್ರವ್ಯರಾಶಿ ಎಷ್ಟು, ನಾವು ಅದರಿಂದ ಎಷ್ಟು ದೂರ ಇದ್ದೇವೆ, ಇವೆರಡೇ ಸೆಳೆತವನ್ನು ತೀರ್ಮಾನಿಸುತ್ತವೆ.

ಹಾಗಾದರೆ ಕಪ್ಪುಕುಳಿಯ ವಿಶೇಷ ಏನು? ಅದರ ತೀರಾ ಹತ್ತಿರ ಹೋದರೆ ತಿಳಿಯುತ್ತದೆ. ಕಲ್ಲನ್ನು ಮೇಲಕ್ಕೆ ಎಸೆದರೆ ಕೆಳಗೆ ಬೀಳುತ್ತದೆ. ಜೋರಾಗಿ ಎಸೆದರೆ ಇನ್ನಷ್ಟು ಎತ್ತರಕ್ಕೆ ಹೋಗಿ ಬೀಳುತ್ತದೆ. ಗಾಳಿಯ ತಡೆ ಇಲ್ಲವೆಂದುಕೊಂಡು ಸೆಕೆಂಡಿಗೆ 11.2 ಕಿಲೋಮೀಟರ್ ವೇಗದಲ್ಲಿ ಎಸೆದರೆ ಅದು ಮತ್ತೆ ಭೂಮಿಗೆ ಮರಳುವುದೇ ಇಲ್ಲ. ಚಂದ್ರನಿಂದ ಪಾರಾಗಲು 2.4 ಕಿಲೋಮೀಟರ್ ಸಾಕು. ಸೂರ್ಯನ ಮೇಲ್ಮೈಯಿಂದಾದರೆ 618 ಬೇಕು. ಇಂಗ್ಲೆಂಡಿನಲ್ಲಿ ಜಾನ್ ಮಿಚೆಲ್ ಎಂಬ ಪಾದ್ರಿ 1783ರಷ್ಟು ಹಿಂದೆಯೇ ಈ ಲೆಕ್ಕವನ್ನು ಮುಂದಕ್ಕೆ ಒಯ್ದು ಒಂದು ಪ್ರಶ್ನೆ ಕೇಳಿದ. ಪಾರಾಗಲು ಬೇಕಾದ ವೇಗ ಬೆಳಕಿನ ವೇಗವನ್ನೇ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರನ್ನು, ಮೀರಿದರೆ? ಅಂಥ ನಕ್ಷತ್ರದ ಬೆಳಕು ನಮ್ಮನ್ನು ತಲುಪಲಾರದು, ಅದು ಕಾಣದ ನಕ್ಷತ್ರವಾಗುತ್ತದೆ ಎಂದ. ದೂರದರ್ಶಕ ಇನ್ನೂ ಚಿಕ್ಕದಾಗಿದ್ದ ಕಾಲದಲ್ಲಿ ಇಷ್ಟು ದೂರ ಯೋಚಿಸಿದ ಅವನ ಧೈರ್ಯ ನನಗೆ ತುಂಬ ಇಷ್ಟ.

1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತ ಕೊಟ್ಟರು. ಕೆಲವೇ ವಾರಗಳಲ್ಲಿ, ಮೊದಲ ಮಹಾಯುದ್ಧದ ರಣರಂಗದಲ್ಲಿದ್ದ ಜರ್ಮನಿಯ ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅದರ ಸಮೀಕರಣಗಳಿಗೆ ಒಂದು ಉತ್ತರ ಕಂಡುಹಿಡಿದರು. ಅದರ ಪ್ರಕಾರ ಯಾವ ವಸ್ತುವನ್ನಾದರೂ ಒಂದು ಮಿತಿಗಿಂತ ಚಿಕ್ಕದಾಗಿ ಅಮುಕಿದರೆ ಅದು ಕಪ್ಪುಕುಳಿಯಾಗುತ್ತದೆ. ಸೂರ್ಯನ ತ್ರಿಜ್ಯ ಈಗ ಸುಮಾರು 7 ಲಕ್ಷ ಕಿಲೋಮೀಟರ್. ಅದನ್ನು 3 ಕಿಲೋಮೀಟರಿಗೆ ಇಳಿಸಬೇಕು. ಇಡೀ ಭೂಮಿಯನ್ನು, ಹಿಮಾಲಯ ಸಾಗರಗಳ ಸಮೇತ, 9 ಮಿಲಿಮೀಟರ್ ತ್ರಿಜ್ಯದ ಉಂಡೆ ಮಾಡಬೇಕು! ಭೂಮಿಗಾಗಲಿ ಸೂರ್ಯನಿಗಾಗಲಿ ಅಂಥ ಗತಿ ಬರುವುದಿಲ್ಲ. ತಮ್ಮನ್ನು ತಾವೇ ಅಷ್ಟು ಅಮುಕಿಕೊಳ್ಳುವಷ್ಟು ದ್ರವ್ಯರಾಶಿ ಅವಕ್ಕಿಲ್ಲ. ಸೂರ್ಯನ ಇಪ್ಪತ್ತರಷ್ಟೋ ಅದಕ್ಕಿಂತ ಹೆಚ್ಚೋ ಇರುವ ನಕ್ಷತ್ರಗಳ ಉರುವಲು ಮುಗಿದಾಗ, ಅವುಗಳ ಒಡಲು ತನ್ನ ಭಾರಕ್ಕೆ ತಾನೇ ಕುಸಿದು ಹೀಗಾಗಬಲ್ಲದು.

ಕಪ್ಪುಕುಳಿಯ ಸುತ್ತ ಒಂದು ಗಡಿ ಇದೆ. ಅದನ್ನು ದಾಟಿ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಬೆಳಕೂ ಬರುವುದಿಲ್ಲ. ಅದಕ್ಕೆ ಘಟನಾ ದಿಗಂತ ಎಂದು ಹೆಸರು. ಅಲ್ಲಿ ಗೋಡೆಯಿಲ್ಲ, ನೆಲವಿಲ್ಲ, ಕೈಯಿಟ್ಟು ಮುಟ್ಟಲು ಏನೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದಿನ ಕತೆಯ ಸೊಗಸೆಲ್ಲ ಇರುವುದು ಇದರಲ್ಲೇ.

ಆ ಕತೆಯ ನಾಯಕ ನಮ್ಮ ಬೆಂಗಳೂರಿನವರು. 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಸೇರಿದರು. ಕಪ್ಪುಕುಳಿ ಎಂಬುದು ನಿಜವಾಗಿಯೂ ಇದೆಯೋ, ಬರೀ ಗಣಿತದ ಕಲ್ಪನೆಯೋ ಎಂದು ಆಗ ಅನೇಕ ವಿಜ್ಞಾನಿಗಳಿಗೇ ಅನುಮಾನವಿತ್ತು. ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಅದು ಒಡೆದು ಹಾಳಾಗುತ್ತದೋ, ಸುಧಾರಿಸಿಕೊಳ್ಳುತ್ತದೋ? ವಿಶ್ವೇಶ್ವರ ಲೆಕ್ಕ ಮಾಡಿ ತೋರಿಸಿದರು: ಸುಧಾರಿಸಿಕೊಳ್ಳುತ್ತದೆ. ಅಂದರೆ ಅಂಥ ವಸ್ತು ಬ್ರಹ್ಮಾಂಡದಲ್ಲಿ ಬಾಳಬಲ್ಲದು.

ಅಷ್ಟಕ್ಕೆ ಅವರು ನಿಲ್ಲಲಿಲ್ಲ. ಕತ್ತಲಲ್ಲಿ ಒಂಟಿಯಾಗಿರುವ ಕಪ್ಪುಕುಳಿ ಅಲ್ಲಿದೆ ಎಂದು ಕಂಡುಕೊಳ್ಳುವುದು ಹೇಗೆ ಎಂಬುದು ಅವರ ಮುಂದಿನ ಪ್ರಶ್ನೆ. ಅದಕ್ಕೇನಾದರೂ ಬಡಿದು ನೋಡೋಣ ಎಂದುಕೊಂಡರು. ದೇವಸ್ಥಾನದ ಗಂಟೆಯನ್ನು ಕಣ್ಣಿಂದ ನೋಡದೆಯೂ, ಅದು ದೊಡ್ಡದೋ ಚಿಕ್ಕದೋ ಎಂದು ನಾದ ಕೇಳಿಯೇ ಹೇಳುತ್ತೇವಲ್ಲ, ಹಾಗೆ. ಬಡಿಯಲು ಅವರು ಆರಿಸಿಕೊಂಡದ್ದು ಗುರುತ್ವದ ಅಲೆಗಳನ್ನು, ಅಂದರೆ ಜಾಗವನ್ನೇ ಅಲುಗಿಸುತ್ತ ಸಾಗುವ ಅಲೆಗಳನ್ನು. ಬಡಿದದ್ದು ಕಂಪ್ಯೂಟರಿನ ಲೆಕ್ಕದಲ್ಲಿ. ಅಗಲವಾದ ಅಲೆಗಳನ್ನು ಎಸೆದಾಗ ಅವು ಹೆಚ್ಚೇನೂ ಬದಲಾಗದೆ ಬಂದವು. ಅವರು ಅಲೆಗಳನ್ನು ಕಿರಿದು ಮಾಡುತ್ತಾ ಹೋದರು. ಒಂದು ಹಂತದಲ್ಲಿ, ಮರಳಿ ಬಂದ ಅಲೆಯ ಹಿಂದೆಯೇ ಪುಟ್ಟದೊಂದು ಕಂಪನ ಕಾಣಿಸಿತು: ಏರಿ, ಇಳಿದು, ಮತ್ತೆ ಏರಿ, ಇಳಿದು, ಬೇಗಬೇಗ ಕ್ಷೀಣಿಸಿ ನಿಂತುಹೋಗುವ ಕಂಪನ. ಕಪ್ಪುಕುಳಿ ಮೊಳಗಿತ್ತು!

ಮೇಲ್ಮೈಯೇ ಇಲ್ಲದ್ದು ಮೊಳಗುತ್ತದೆ! ಕಂಪಿಸುವುದು ಕಪ್ಪುಕುಳಿಯ ಸುತ್ತಲಿನ ಜಾಗವೇ. ಆ ಶ್ರುತಿಯನ್ನು ನಿರ್ಧರಿಸುವುದು ಕುಳಿಯ ದ್ರವ್ಯರಾಶಿ ಮತ್ತು ಅದು ತನ್ನ ಸುತ್ತ ತಿರುಗುವ ರಭಸ. ಯಾವುದರಿಂದ ಬಡಿದಿರಿ ಎಂಬುದು ಮುಖ್ಯವಲ್ಲ. ದೊಡ್ಡ ಕುಳಿಯದು ತಗ್ಗಿನ ಶ್ರುತಿ, ಚಿಕ್ಕದರದು ಎತ್ತರದ್ದು. 1970ರಲ್ಲಿ ಈ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇನ್ನು ಉಳಿದದ್ದು ಅದನ್ನು ನಿಜವಾಗಿ ಕೇಳಿಸಿಕೊಳ್ಳುವುದು. ಅದಕ್ಕೆ 45 ವರ್ಷ ಹಿಡಿಯಿತು. 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು, ಒಂದು ಸೂರ್ಯನ 36ರಷ್ಟು, ಇನ್ನೊಂದು 29ರಷ್ಟು, ಒಂದರ ಸುತ್ತ ಒಂದು ಸೆಕೆಂಡಿಗೆ ಹತ್ತಾರು ಸಲ ತಿರುಗಿ ಡಿಕ್ಕಿ ಹೊಡೆದು ಒಂದಾದವು. 36ಕ್ಕೆ 29 ಕೂಡಿದರೆ 65 ಆಗಬೇಕು. ಹೊಸ ಕುಳಿಯಲ್ಲಿ ಇದ್ದದ್ದು 62. ಉಳಿದ ಮೂರು ಸೂರ್ಯರಷ್ಟು ದ್ರವ್ಯರಾಶಿ ಗುರುತ್ವದ ಅಲೆಗಳಾಗಿ ನಾಲ್ಕೂ ಕಡೆ ಹರಡಿಹೋಯಿತು. ಆ ಅಲೆ 2015ರ ಸೆಪ್ಟೆಂಬರ್ 14ರಂದು ನಮ್ಮ ಭೂಮಿಯನ್ನು ಹಾದುಹೋಯಿತು. ಅಮೆರಿಕದ ಎರಡು ಊರುಗಳಲ್ಲಿರುವ ಲೈಗೋ ಉಪಕರಣಗಳು ಅದನ್ನು ಹಿಡಿದವು. ಒಂದೊಂದು ಉಪಕರಣಕ್ಕೂ 4 ಕಿಲೋಮೀಟರ್ ಉದ್ದದ ಎರಡು ತೋಳುಗಳು, ಅವುಗಳೊಳಗೆ ಲೇಸರ್ ಬೆಳಕು. ಅಲೆ ಹಾದುಹೋದಾಗ ಆ ಉದ್ದದಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟನ್ನು ಅಳೆದರು ಎಂಬುದು ಕಪ್ಪುಕುಳಿಯಷ್ಟೇ ದೊಡ್ಡ ಅಚ್ಚರಿ.

ಆ ಅಲೆಯ ಕೊನೆಯ ಚೂರಿನಲ್ಲಿ, ಹೊಸದಾಗಿ ಹುಟ್ಟಿದ ಕುಳಿ ಸೆಕೆಂಡಿಗೆ ಸುಮಾರು 250 ಸಲದಂತೆ ಕಂಪಿಸಿ ಸುಮ್ಮನಾದದ್ದು ಸಿಕ್ಕಿತು. ವಿಶ್ವೇಶ್ವರ ಲೆಕ್ಕದಲ್ಲಿ ಕಂಡದ್ದು ಇದೇ. ಗುರುತ್ವದ ಅಲೆ ಶಬ್ದವಲ್ಲ, ಅದಕ್ಕೆ ಗಾಳಿ ಬೇಕಿಲ್ಲ. ಆದರೆ ಅದರ ಕಂಪನದ ಲಯವನ್ನು ವಿಜ್ಞಾನಿಗಳು ಶಬ್ದಕ್ಕೆ ಬದಲಾಯಿಸಿದಾಗ ನಮ್ಮ ಕಿವಿಗೂ ಕೇಳಿಸಿತು. 2016ರ ಫೆಬ್ರವರಿ 11ರಂದು ಈ ಸುದ್ದಿ ಲೋಕಕ್ಕೆಲ್ಲ ತಿಳಿದಾಗ ವಿಶ್ವೇಶ್ವರ ನಮ್ಮೊಂದಿಗಿದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ತಾವು ಹರೆಯದಲ್ಲಿ ಮಾಡಿದ ಲೆಕ್ಕಕ್ಕೆ ಬ್ರಹ್ಮಾಂಡವೇ ಉತ್ತರ ಕೊಟ್ಟದ್ದನ್ನು ಅವರು ಕೇಳಿಸಿಕೊಂಡರಲ್ಲ ಎಂಬುದು ನನಗೆ ಯಾವತ್ತೂ ಸಂತೋಷ ಕೊಡುವ ಸಂಗತಿ.

2025ರ ಜನವರಿ 14ರಂದು, ಸಂಕ್ರಾಂತಿಯ ದಿನವೇ, ಇಂಥದೇ ಇನ್ನೊಂದು ಡಿಕ್ಕಿಯ ಅಲೆ ಬಂತು. ಹತ್ತು ವರ್ಷಗಳಲ್ಲಿ ಉಪಕರಣಗಳು ಬಹಳ ಸುಧಾರಿಸಿದ್ದರಿಂದ ಈ ಸಲ ಕುಳಿಯ ಮೊಳಗು ಎಷ್ಟೋ ಸ್ಪಷ್ಟವಾಗಿ ಸಿಕ್ಕಿತು.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇದೇ ವಿಶ್ವೇಶ್ವರ. ಅವರೇ ಅದರ ಮೊದಲ ನಿರ್ದೇಶಕರು. ಬೆಂಗಳೂರಿಗೆ ಬಂದಾಗ ಅಲ್ಲಿಗೆ ತಪ್ಪದೆ ಹೋಗಿ. ಇನ್ನೊಂದು ಊರಿನ ಹೆಸರನ್ನೂ ಬರೆದಿಟ್ಟುಕೊಳ್ಳಿ: ಔಂಢಾ ನಾಗನಾಥ. ನಮ್ಮ ಬೀದರಿನ ಉತ್ತರಕ್ಕೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿದೆ. ಅಲ್ಲಿ ಭಾರತದ ಸ್ವಂತ ಲೈಗೋ ಸ್ಥಾಪಿಸಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಕೆಲಸ ಶುರುಮಾಡುವ ಹೊತ್ತಿಗೆ ಅದರ ಮುಂದೆ ಕೂತು ಕಪ್ಪುಕುಳಿಗಳಿಗೆ ಕಿವಿಗೊಡಲು ಹೊಸಬರು ಬೇಕಾಗುತ್ತಾರೆ. ಗಣಿತ ಮತ್ತು ಭೌತವಿಜ್ಞಾನವನ್ನು ಈಗಿನಿಂದಲೇ ಪ್ರೀತಿಯಿಂದ ಓದಿ. ನೀವೂ ಅಲ್ಲಿಗೆ ಹೋಗಬಹುದು.