ಹಲ್ಲೆಯೂ ಅಪಘಾತವೇ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಯಂತ್ರಕ್ಕೆ ಕೈ ಸಿಕ್ಕಿದರೆ ಪರಿಹಾರ ಕೇಳಬಹುದೆಂದು ನಿಮಗೆಲ್ಲ ಗೊತ್ತು. ರಾತ್ರಿ ಪಾಳಿಯ ಕಾವಲುಗಾರನನ್ನು ಕಳ್ಳರು ಇರಿದರೆ? “ಇರಿದವನನ್ನು ಕೇಳು, ನನ್ನನ್ನಲ್ಲ” ಎನ್ನುತ್ತಾನೆ ಮಾಲೀಕ. ಆ ಮಾತನ್ನು ನಂಬಬೇಡಿ.

ಗಣಿ ಕೂಲಿಗಾರರ ಸಂಬಳದ ಹಣ ಒಯ್ಯುತ್ತಿದ್ದ ಗುಮಾಸ್ತನೊಬ್ಬ ರೈಲಿನಲ್ಲಿ ಕೊಲೆಯಾದಾಗ, ಅದು ಕೆಲಸದಿಂದ ಒದಗಿದ ಅಪಘಾತವೆಂದು ಇಂಗ್ಲೆಂಡಿನ ನ್ಯಾಯಾಲಯ 1910ರಲ್ಲೇ ಹೇಳಿತು. 1995ರಲ್ಲಿ ನಾಗಾಲ್ಯಾಂಡಿನ ದಿಮಾಪುರದಲ್ಲಿ ಆಟೋ ಕದ್ದವರು ಅದರ ಚಾಲಕನನ್ನು ಕೊಂದರು. ಆ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟೂ 2000ದಲ್ಲಿ ಅದೇ ದಾರಿ ಹಿಡಿಯಿತು. ಕಳ್ಳತನವೇ ಗುರಿಯಾಗಿದ್ದರೆ, ಅದರ ನಡುವೆ ಆದ ಕೊಲೆ ಸತ್ತವನ ಮಟ್ಟಿಗೆ ಅಪಘಾತವೇ ಎಂದಿತು. ಸ್ವಂತ ಹಗೆಯ ಹೊಡೆದಾಟಕ್ಕೆ ಇದು ಸಲ್ಲದು. ಕೆಲಸಕ್ಕೂ ಪೆಟ್ಟಿಗೂ ನಂಟಿರಬೇಕು.

ಆದುದರಿಂದ ಪೆಟ್ಟುಬಿದ್ದ ಕೂಡಲೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಇ.ಎಸ್.ಐ. ಇದ್ದವರು ಅಲ್ಲಿಯೂ, ಇಲ್ಲದವರು ಮಾಲೀಕನಿಗೂ ಬರವಣಿಗೆಯಲ್ಲಿ ತಿಳಿಸಿ ಪರಿಹಾರ ಕೇಳಿ. ಹಲ್ಲೆಕೋರನ ಪತ್ತೆಯೇ ಆಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.

ಮಾಲೀಕ ಆಸ್ಪತ್ರೆಗೆ ಹಣ್ಣು ತಂದುಕೊಟ್ಟು ಬಿಳಿ ಹಾಳೆಗೆ ಸಹಿ ಕೇಳಿಯಾನು. ಹಣ್ಣು ತಿನ್ನಿ, ಸಹಿ ಮಾತ್ರ ಹಾಕಬೇಡಿ. ಮೊದಲು ಸಂಘಕ್ಕೆ ಹೇಳಿಕಳಿಸಿ.